ಬೆಳ್ಳಿ ಫಿಲ್ಲಿಂಗ್ ಜಗಳದಲ್ಲಿ ಮರೆತುಹೋದ ಒಸಡು

ಹುಳುಕು ಹಲ್ಲಿಗೆ ಹಾಕುವ ಬೂದು ಬಣ್ಣದ ಫಿಲ್ಲಿಂಗ್ ಇದೆಯಲ್ಲ, ಅದರ ಹೆಸರು ಅಮಾಲ್ಗಂ. ಜನ ಬೆಳ್ಳಿ ಫಿಲ್ಲಿಂಗ್ ಅಂತಾರೆ. ನಿಜವಾಗಿ ತೂಕದಲ್ಲಿ ಅರ್ಧದಷ್ಟು ಪಾದರಸವೇ. ಉಳಿದದ್ದು ಬೆಳ್ಳಿ, ತವರ, ತಾಮ್ರದ ಪುಡಿ. ಪಾದರಸ ವಿಷ ಅನ್ನೋದು ಎಲ್ಲರಿಗೂ ಗೊತ್ತು. ಹಾಗಿದ್ದ ಮೇಲೆ ಅದನ್ನು ಬಾಯಲ್ಲಿಟ್ಟುಕೊಂಡು ಓಡಾಡುವುದು ಸರಿಯಾ? ಈ ಪ್ರಶ್ನೆಗೆ ಹೆಚ್ಚುಕಡಿಮೆ 200 ವರ್ಷ ವಯಸ್ಸಾಗಿದೆ.

1833ರಲ್ಲಿ ಕ್ರಾಕೂರ್ ಎಂಬ ಹೆಸರಿನ ಅಣ್ಣತಮ್ಮಂದಿರು ಯುರೋಪಿನಿಂದ ನ್ಯೂಯಾರ್ಕಿಗೆ ಬಂದು, ಈ ಮಿಶ್ರಣಕ್ಕೆ ರಾಜಗಾಂಭೀರ್ಯದ ಹೆಸರಿಟ್ಟು ಮಾರಲು ಶುರುಮಾಡಿದರು. ಆಗ ಹಲ್ಲು ತುಂಬಲು ಒಳ್ಳೆಯ ದಾರಿ ಅಂದರೆ ಚಿನ್ನದ ತಗಡು. ಅದು ದುಬಾರಿ, ಹಾಕಲು ಗಂಟೆಗಟ್ಟಲೆ ಬೇಕು, ಹಲ್ಲು ಒಂಚೂರೂ ಒದ್ದೆಯಾಗಬಾರದು. ಅಮಾಲ್ಗಂ ಹಾಗಲ್ಲ. ಪುಡಿಗೆ ಪಾದರಸ ಹಾಕಿ ಅರೆದು, ಹೆಚ್ಚಾದ ಪಾದರಸವನ್ನು ಬಟ್ಟೆಯಲ್ಲಿ ಹಿಂಡಿ ತೆಗೆದರೆ ಮೆತ್ತಗಿನ ಉಂಡೆ ಸಿಗುತ್ತದೆ. ಕುಳಿಯಲ್ಲಿ ಒತ್ತಿದರೆ ಸಾಕು, ಮೂಲೆಮೂಲೆಗೂ ಸೇರಿಕೊಂಡು ಅಲ್ಲೇ ಗಟ್ಟಿಯಾಗುತ್ತದೆ. ಸ್ವಲ್ಪ ಎಂಜಲು ತಾಗಿದರೂ ಕೆಲಸ ಕೆಡುವುದಿಲ್ಲ.

ಚಿನ್ನ ತುಂಬುತ್ತಿದ್ದ ದಂತವೈದ್ಯರಿಗೆ ಇದು ಹಿಡಿಸಲಿಲ್ಲ. ಅಮೆರಿಕದ ದಂತವೈದ್ಯರ ಮೊದಲ ರಾಷ್ಟ್ರೀಯ ಸಂಘ ಹುಟ್ಟಿದ್ದು 1840ರಲ್ಲಿ. ಅಮಾಲ್ಗಂ ಮುಟ್ಟುವುದಿಲ್ಲ ಅಂತ ಸಹಿ ಹಾಕದ ಸದಸ್ಯರನ್ನು ಅದು ಹೊರಗೆ ಹಾಕಲು ಹೊರಟಿತು. ಪಾದರಸದ ಭಯ ಸುಳ್ಳೇನಲ್ಲ. ಆದರೆ ಅದರ ಜೊತೆ ಹೊಟ್ಟೆಪಾಡಿನ ಭಯವೂ ಬೆರೆತಿತ್ತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. 1850ರಲ್ಲಿ ಸಂಘ ಆ ಷರತ್ತನ್ನು ಕೈಬಿಟ್ಟಿತು, 1856ರಲ್ಲಿ ಸಂಘವೇ ಮುಚ್ಚಿಹೋಯಿತು. ಮುಂದೆ 1890ರ ದಶಕದಲ್ಲಿ ಜಿ.ವಿ. ಬ್ಲ್ಯಾಕ್ ಎಂಬ ದಂತವೈದ್ಯರು ಲೋಹಗಳ ಪ್ರಮಾಣವನ್ನು ಹದಕ್ಕೆ ತಂದರು. ಗಟ್ಟಿಯಾಗುವಾಗ ಹಿಗ್ಗಿ ಕುಗ್ಗಿ ತೊಂದರೆ ಕೊಡುತ್ತಿದ್ದ ಅಮಾಲ್ಗಂ ನಂಬಿಕಸ್ಥ ಆಯಿತು.

ಅಷ್ಟರಲ್ಲಿ ಇನ್ನೊಂದು ವಾದ ತಲೆ ಎತ್ತಿತ್ತು. ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಹೇಳಿದ್ದು ಇಷ್ಟು: ಕೊಳೆತ ಬೇರಿನ ಮೇಲೆ ಚಿನ್ನದ ಟೋಪಿ ಕೂರಿಸುತ್ತೀರಿ, ಒಳಗಿನ ಕೀವು ಇಡೀ ಮೈಗೆ ಹರಡುತ್ತದೆ. 1910ರಲ್ಲಿ ಮಾಂಟ್ರಿಯಲ್‌ನಲ್ಲಿ ಅವರು ಮಾಡಿದ ಭಾಷಣ ದೊಡ್ಡ ಸದ್ದು ಮಾಡಿತು. ಬಾಯಿಯ ಸೋಂಕಿಗೂ ಉಳಿದ ಕಾಯಿಲೆಗಳಿಗೂ ನಂಟಿದೆ ಅನ್ನುವುದು ಕೆಟ್ಟ ಆಲೋಚನೆಯಲ್ಲ. ಕೆಟ್ಟದ್ದು ಅದರ ಮುಂದಿನ ಕಥೆ. ಕೀಲುನೋವಿಗೆ ಹಲ್ಲು ಕಿತ್ತರು. ಸುಸ್ತಿಗೂ ಹಲ್ಲು ಕಿತ್ತರು. ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯಲ್ಲಿ ಹೆನ್ರಿ ಕಾಟನ್ ಎಂಬ ಮುಖ್ಯಸ್ಥ ಹುಚ್ಚಿಗೂ ಸೋಂಕೇ ಕಾರಣ ಅಂದ. ಮೊದಲು ರೋಗಿಗಳ ಹಲ್ಲು ಕೀಳಿಸಿದ. ಗುಣವಾಗದಿದ್ದಾಗ ಟಾನ್ಸಿಲ್, ಅದಾದ ಮೇಲೆ ದೊಡ್ಡಕರುಳಿಗೂ ಕತ್ತರಿ ಹಾಕಿಸಿದ. ಎಷ್ಟೋ ರೋಗಿಗಳು ಸತ್ತರು. ಬೇಡ ಅಂತ ಪ್ರತಿಭಟಿಸಿದವರನ್ನೂ ಬಿಡಲಿಲ್ಲ. ವೈದ್ಯಕೀಯ ಇತಿಹಾಸದಲ್ಲಿ ಓದಲು ಇಷ್ಟು ಕಷ್ಟವಾಗುವ ಪುಟಗಳು ಕಮ್ಮಿ.

1938ರಲ್ಲಿ ರಸೆಲ್ ಸೆಸಿಲ್ ಎಂಬ ವೈದ್ಯರು ಸಂಧಿವಾತದ 200 ರೋಗಿಗಳ ವಿವರ ತೆಗೆದು ನೋಡಿದರು. ಮೊದಲು ಈ ಸಿದ್ಧಾಂತವನ್ನು ಎತ್ತಿಹಿಡಿದವರು ಅವರೇ. ಹಲ್ಲು, ಟಾನ್ಸಿಲ್ ತೆಗೆಸಿದ್ದರಿಂದ ಉಪಯೋಗವಾಗಿದ್ದು ಕಾಣಲಿಲ್ಲ. ನಿಧಾನಕ್ಕೆ ಹಲ್ಲು ಕೀಳುವ ಹುಚ್ಚು ಇಳಿಯಿತು. ಆದರೆ ಜೊತೆಗೆ ಬಾಯಿಗೂ ಮೈಗೂ ನಂಟಿದೆ ಅನ್ನೋ ಮಾತೂ ಮೂಲೆ ಸೇರಿತು. ಹಲ್ಲು ಒಂದು ಕಡೆ, ಉಳಿದ ದೇಹ ಇನ್ನೊಂದು ಕಡೆ ಅನ್ನುವಂತೆ ದಶಕಗಳು ಕಳೆದವು.

ಫಿಲ್ಲಿಂಗ್ ಜಗಳ ಮಾತ್ರ ನಿಂತಿರಲಿಲ್ಲ. ಜರ್ಮನಿಯ ರಸಾಯನ ವಿಜ್ಞಾನಿ ಆಲ್ಫ್ರೆಡ್ ಸ್ಟಾಕ್ ವರ್ಷಗಟ್ಟಲೆ ಪ್ರಯೋಗಾಲಯದ ಪಾದರಸದ ಆವಿ ಕುಡಿದು ಸ್ವತಃ ನರಳಿದವರು. 1926ರಲ್ಲಿ ಅವರು ಅಮಾಲ್ಗಂ ಬಗ್ಗೆ ಎಚ್ಚರಿಸಿದರು. ಗಟ್ಟಿಯಾದ ಫಿಲ್ಲಿಂಗ್‌ನಿಂದಲೂ, ಮುಖ್ಯವಾಗಿ ಅಗಿಯುವಾಗ, ಅಲ್ಪಸ್ವಲ್ಪ ಆವಿ ಹೊರಬರುತ್ತದೆ ಅನ್ನುವುದು ಆಮೇಲೆ ಅಳತೆಗೂ ಸಿಕ್ಕಿತು. ಆ ಅಲ್ಪದಿಂದ ಹಾನಿ ಆಗುತ್ತಾ ಅನ್ನೋದೇ ನಿಜವಾದ ಪ್ರಶ್ನೆ. ಅದಕ್ಕೆ ಒಳ್ಳೆಯ ಉತ್ತರ ಸಿಗಲು 2006 ಬರಬೇಕಾಯಿತು. ಆ ವರ್ಷ ಎರಡು ಪ್ರಯೋಗಗಳ ಫಲಿತಾಂಶ ಬಂತು: ಅಮೆರಿಕದ ನ್ಯೂ ಇಂಗ್ಲೆಂಡ್ ಭಾಗದಲ್ಲಿ 534 ಮಕ್ಕಳು, ಲಿಸ್ಬನ್‌ನಲ್ಲಿ 507 ಮಕ್ಕಳು. ಚೀಟಿ ಎತ್ತಿದ ಹಾಗೆ ಅರ್ಧ ಮಕ್ಕಳಿಗೆ ಅಮಾಲ್ಗಂ, ಉಳಿದರ್ಧಕ್ಕೆ ರಾಳದಿಂದ ಮಾಡಿದ ಬಿಳಿ ಫಿಲ್ಲಿಂಗ್. ವರ್ಷಗಳ ಕಾಲ ಗಮನಿಸಿದರು. ಅಮಾಲ್ಗಂ ಇದ್ದವರ ಮೂತ್ರದಲ್ಲಿ ಪಾದರಸ ಸ್ವಲ್ಪ ಜಾಸ್ತಿ ಇತ್ತು. ಆದರೆ ಬುದ್ಧಿಶಕ್ತಿ, ನೆನಪು, ನರಗಳ ಕೆಲಸದಲ್ಲಿ ಗಮನಿಸುವಂಥ ವ್ಯತ್ಯಾಸ ಸಿಗಲಿಲ್ಲ.

ಹಾಗಾದರೆ ಅಮಾಲ್ಗಂ ಯಾಕೆ ಕಾಣೆಯಾಗುತ್ತಿದೆ? ದೊಡ್ಡ ಕಾರಣ ಪರಿಸರ. ಕ್ಲಿನಿಕ್ಕಿನ ಚರಂಡಿಯಿಂದ, ಶವ ಸುಡುವ ಚಿತಾಗಾರದ ಹೊಗೆಯಿಂದ ಪಾದರಸ ನೀರಿಗೆ ಸೇರುತ್ತದೆ. ಅಲ್ಲಿ ಸೂಕ್ಷ್ಮಜೀವಿಗಳು ಅದನ್ನು ಇನ್ನೂ ಅಪಾಯಕಾರಿ ರೂಪಕ್ಕೆ ತಿರುಗಿಸುತ್ತವೆ, ಅದು ಮೀನಿನ ಮೂಲಕ ತಟ್ಟೆಗೆ ಬರುತ್ತದೆ. 2008ರಲ್ಲಿ ನಾರ್ವೆ, 2009ರಲ್ಲಿ ಸ್ವೀಡನ್ ಅಮಾಲ್ಗಂ ನಿಲ್ಲಿಸಿದವು. ಪಾದರಸದ ಬಗ್ಗೆ ದೇಶಗಳು ಮಾಡಿಕೊಂಡ 2013ರ ಮಿನಮಾಟಾ ಒಪ್ಪಂದ ಬಳಕೆ ಕಡಿಮೆ ಮಾಡಿ ಅಂದಿತು. ಯುರೋಪಿಯನ್ ಒಕ್ಕೂಟದಲ್ಲಿ 2018ರಿಂದ 15 ವರ್ಷದೊಳಗಿನವರಿಗೆ, ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ಹಾಕುವಂತಿರಲಿಲ್ಲ. 2025ರ ಜನವರಿಯಿಂದ, ವೈದ್ಯಕೀಯವಾಗಿ ಬೇಕೇಬೇಕು ಅನ್ನುವ ಸಂದರ್ಭ ಬಿಟ್ಟರೆ, ಯಾರಿಗೂ ಇಲ್ಲ.

ಇದನ್ನು ಕೇಳಿ ಚೆನ್ನಾಗಿರುವ ಹಳೇ ಫಿಲ್ಲಿಂಗ್ ಸುಮ್ನೆ ಕೊರೆಸಿ ತೆಗೆಸುವವರಿದ್ದಾರೆ. ಕೊರೆಯುವಾಗಲೇ ಆವಿ ಜಾಸ್ತಿ ಏಳುವುದು, ಒಳ್ಳೆಯ ಹಲ್ಲೂ ಸವೆಯುತ್ತದೆ. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಗರ್ಭಿಣಿಯರು, ಚಿಕ್ಕ ಮಕ್ಕಳು, ನರರೋಗ ಅಥವಾ ಕಿಡ್ನಿ ತೊಂದರೆ ಇದ್ದವರಂಥವರಿಗೆ ಹೊಸದಾಗಿ ಅಮಾಲ್ಗಂ ಬೇಡ ಅಂದಾಗಲೂ, ಗಟ್ಟಿಯಾಗಿರುವ ಹಳೆಯದನ್ನು ಕಾರಣವಿಲ್ಲದೆ ತೆಗೆಸಬೇಡಿ ಎಂದೇ ಹೇಳಿತು. ಇನ್ನು ಬಿಳಿ ಫಿಲ್ಲಿಂಗ್ ಪ್ರಶ್ನೆಯಿಂದ ಪಾರಾಗಿದೆಯಾ ಅಂದರೆ, ಅದೂ ಇಲ್ಲ. 1996ರಲ್ಲಿ ಸ್ಪೇನ್‌ನ ಸಂಶೋಧಕರು ಹಲ್ಲಿಗೆ ಬಳಿಯುವ ರಾಳದಿಂದ ಬಿಸ್ಫೆನಾಲ್-ಎ ಎಂಬ, ಹಾರ್ಮೋನಿನಂತೆ ವರ್ತಿಸಬಲ್ಲ ರಾಸಾಯನಿಕ ಎಂಜಲಿಗೆ ಸೇರುವುದನ್ನು ತೋರಿಸಿದರು. ಪ್ರಮಾಣ ಸಣ್ಣದು, ಹೆಚ್ಚಿನದು ಹಾಕಿದ ಹೊಸತರಲ್ಲೇ ಬಿಡುಗಡೆಯಾಗುತ್ತದೆ.

ಈ ಗಲಾಟೆಯಲ್ಲಿ ಯಾರೂ ಕೇಳದೆ ಉಳಿದದ್ದು ಒಸಡು. 1989ರಲ್ಲಿ ಫಿನ್ಲೆಂಡಿನ ಸಂಶೋಧಕರು ಹೃದಯಾಘಾತ ಆದವರ ಬಾಯಿ ಉಳಿದವರಿಗಿಂತ ಹಾಳಾಗಿತ್ತು ಅಂತ ವರದಿ ಮಾಡಿದಾಗ ಹಂಟರ್ ಕಾಲದ ಮಾತು ಮತ್ತೆ ಎದ್ದಿತು. ಈ ಸಲ ಸ್ವಲ್ಪ ವಿನಯದಿಂದ. ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿದರೆ ಒಸಡು ಊದಿ ಹಲ್ಲಿನಿಂದ ಬಿಟ್ಟುಕೊಳ್ಳುತ್ತದೆ, ಆ ಸಂದಿಯೊಳಗೆ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ. ಉಜ್ಜಿದರೆ ರಕ್ತ, ಅಗಿದರೆ ರಕ್ತ. ರಕ್ತ ಹೊರಬರುವ ದಾರಿಯಲ್ಲೇ ಅವು ಒಳಗೂ ಹೋಗುತ್ತವೆ. 2012ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಎಲ್ಲ ಅಧ್ಯಯನ ಜಾಲಾಡಿ, ನಂಟಿದೆ, ಆದರೆ ಒಸಡು ರೋಗವೇ ಹೃದಯರೋಗ ತರುತ್ತದೆ ಅನ್ನಲು ಪುರಾವೆ ಇಲ್ಲ ಎಂದಿತು. ಸಿಗರೇಟು, ಸಕ್ಕರೆ ಕಾಯಿಲೆಯಂಥವೇ ಒಸಡು ರೋಗ, ಹೃದಯರೋಗ ಎರಡಕ್ಕೂ ಕಾರಣವಾಗಬಹುದಲ್ವಾ?

ಸಕ್ಕರೆ ಕಾಯಿಲೆಯ ವಿಷಯದಲ್ಲಿ ಮಾತು ಇನ್ನೂ ಗಟ್ಟಿ. ಸಕ್ಕರೆ ಹತೋಟಿ ತಪ್ಪಿದರೆ ಒಸಡು ಹಾಳಾಗುತ್ತದೆ, ಒಸಡಿನ ಉರಿಯೂತ ಸಕ್ಕರೆಯನ್ನು ಹತೋಟಿಗೆ ಬರಲು ಬಿಡುವುದಿಲ್ಲ. ಒಸಡಿನೊಳಗೆ ಗಟ್ಟಿಕಟ್ಟಿದ ಪಾಚಿ ತೆಗೆದು ಸ್ವಚ್ಛ ಮಾಡಿಸಿಕೊಂಡವರಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ, ಸುಮಾರು 0.3ರಿಂದ 0.4 ಶೇಕಡಾವಾರು ಅಂಶದಷ್ಟು ಇಳಿದಿದ್ದನ್ನು ಹಲವು ಪ್ರಯೋಗಗಳು ಕಂಡಿವೆ. ಇದಕ್ಕೆ ಯಾವ ಹಲ್ಲನ್ನೂ ಕೀಳಬೇಕಾಗಿರಲಿಲ್ಲ, ಯಾವ ಫಿಲ್ಲಿಂಗನ್ನೂ ಕೊರೆಯಬೇಕಾಗಿರಲಿಲ್ಲ.