ಬಾಲವಿಲ್ಲದ ವಿಮಾನದ ತೂಕ ಮತ್ತು ಟ್ರಿಮ್: ಮೋಟಾರ್ ಬದಲಿಸಿದ ಮೇಲೆ ಹಾಕಿದ ಲೆಕ್ಕ

ಬಳ್ಳಾರಿಯಿಂದ ಮೋಕಾ ಕಡೆ ಹೋಗುವ ದಾರಿಯಲ್ಲಿ, ಹತ್ತಿ ಕಿತ್ತು ಖಾಲಿಯಾದ ಒಂದು ಹೊಲ. ಥ್ರಾಟಲ್, ಅಂದರೆ ಮೋಟಾರ್‌ಗೆ ಶಕ್ತಿ, ಕೊಟ್ಟಿರುವ ತನಕ ನನ್ನ ಫ್ಲೈಯಿಂಗ್ ವಿಂಗ್ (ಬಾಲವಿಲ್ಲದ, ಬರೀ ರೆಕ್ಕೆಯ ಪುಟ್ಟ ರಿಮೋಟ್ ವಿಮಾನ) ಚೆನ್ನಾಗಿಯೇ ಹಾರಿತು. ಇಳಿಸೋಣ ಎಂದು ಥ್ರಾಟಲ್ ಪೂರ್ತಿ ತೆಗೆದೆ. ಮೂಗು ತಾನಾಗಿಯೇ ಮೇಲೆದ್ದಿತು. ಒಂದು ಕ್ಷಣ ಗಾಳಿಯಲ್ಲೇ ನಿಂತ ಹಾಗಾಯಿತು. ಆಮೇಲೆ ಎಡ ರೆಕ್ಕೆ ಕುಸಿದು, ಇಡೀ ವಿಮಾನ ಎರೆಮಣ್ಣಿನ ಹೆಂಟೆಗಳ ಮೇಲೆ ಬಿತ್ತು.

ಅದಕ್ಕೆ ಎರಡು ದಿನ ಮುಂಚೆ ಹಳೆಯ ಮೋಟಾರ್ ತೆಗೆದು ದೊಡ್ಡದು ಹಾಕಿದ್ದೆ. ಹಾರುವಾಗ ಮೂಗು ಏಳುತ್ತಿದೆ ಅನ್ನಿಸಿ, ರಿಮೋಟ್‌ನಲ್ಲಿ ನಾಲ್ಕು ಕ್ಲಿಕ್ ಕೆಳಗೆ ಟ್ರಿಮ್ (ಕೈ ಬಿಟ್ಟಾಗ ರೆಕ್ಕೆಯ ಹಿಂದಂಚಿನ ಹಲಗೆಗಳು ಎಲ್ಲಿ ನಿಲ್ಲಬೇಕು ಅನ್ನುವ ಸಣ್ಣ ಹೊಂದಿಕೆ) ಮಾಡಿ ಸುಮ್ಮನಾಗಿದ್ದೆ. ಆ ನಾಲ್ಕು ಕ್ಲಿಕ್ಕೇ ನಿಜವಾದ ತಪ್ಪು. ಯಾಕೆ ಅಂತ ಅರ್ಥವಾಗಬೇಕಾದರೆ ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಟ್ರಿಮ್ ಕೆಲಸ ಮಾಡುವುದು ಗಾಳಿಯ ಬಲದಿಂದ. ವೇಗ ಎರಡು ಪಟ್ಟಾದರೆ ಆ ಬಲ ನಾಲ್ಕು ಪಟ್ಟು. ತೂಕ ಹಾಗಲ್ಲ. ನಿಧಾನ ಹೋದರೂ ಅಷ್ಟೇ, ಜೋರಾಗಿ ಹೋದರೂ ಅಷ್ಟೇ. ಹಾಗಾಗಿ ತೂಕದ ತಪ್ಪನ್ನು ಟ್ರಿಮ್‌ನಿಂದ ಮುಚ್ಚಿದರೆ ಅದು ಒಂದೇ ಒಂದು ವೇಗಕ್ಕೆ ಸರಿಹೊಂದುತ್ತದೆ. ವೇಗ ಬದಲಾದ ಕೂಡಲೇ ತಪ್ಪು ಮತ್ತೆ ಹೊರಗೆ ಬರುತ್ತದೆ. ಇಳಿಯುವಾಗ ವೇಗ ಬದಲಾಗಲೇಬೇಕು, ಅಲ್ವಾ?

ಸಿಜಿ ಎಲ್ಲಿರಬೇಕು

ಮಾಮೂಲಿ ವಿಮಾನಕ್ಕೆ ಬಾಲವಿದೆ. ಉದ್ದನೆಯ ಸನ್ನೆಗೋಲಿನ ತುದಿಯಲ್ಲಿ ಕೂತ ಹಾಗೆ ಅದು ಮೂಗನ್ನು ಹಿಡಿದು ನಿಲ್ಲಿಸುತ್ತದೆ. ಫ್ಲೈಯಿಂಗ್ ವಿಂಗ್‌ಗೆ ಆ ಸನ್ನೆಗೋಲೇ ಇಲ್ಲ. ರೆಕ್ಕೆಯ ಹಿಂದಂಚಿನಲ್ಲಿ ಮೇಲೆ ಕೆಳಗೆ ಆಡುವ ಹಲಗೆಗಳು, ಅಂದರೆ ಎಲೆವಾನ್‌ಗಳೇ, ಎಲ್ಲಾ ಕೆಲಸ ಮಾಡಬೇಕು. ಅದಕ್ಕೇ ಇದರಲ್ಲಿ ಸಿಜಿ, ಅಂದರೆ ತೂಕದ ಕೇಂದ್ರ, ಅರ್ಧ ಸೆಂಟಿಮೀಟರ್ ಹಿಂದೆ ಮುಂದೆ ಆದರೂ ಹಾರಾಟ ಬದಲಾಗುತ್ತದೆ.

ರೆಕ್ಕೆಯ ಸರಾಸರಿ ಅಗಲದಲ್ಲಿ (ಅಗಲ ಅಂದರೆ ಮುಂದಂಚಿನಿಂದ ಹಿಂದಂಚಿಗೆ) ಮುಂದಂಚಿನಿಂದ ಸುಮಾರು 25 ಶೇಕಡಾ ಜಾಗದಲ್ಲಿ ನ್ಯೂಟ್ರಲ್ ಪಾಯಿಂಟ್, ಅಂದರೆ ಮೂಗು ಏರಿಳಿದಾಗ ಹೆಚ್ಚು ಕಡಿಮೆಯಾಗುವ ಗಾಳಿಯ ಬಲ ಕೂಡುವ ಬಿಂದು, ಇರುತ್ತದೆ. ಸಿಜಿ ಅದಕ್ಕಿಂತ ಮುಂದೆಯೇ ಇರಬೇಕು. ಹಿಂದೆ ಹೋಯಿತೋ, ಮೂಗು ಒಮ್ಮೆ ಎದ್ದರೆ ಏಳುತ್ತಲೇ ಹೋಗುತ್ತದೆ. ಎಷ್ಟು ಮುಂದೆ? ಸರಾಸರಿ ಅಗಲದ 5ರಿಂದ 10 ಶೇಕಡಾ. ಕಲಿಯುವವರು 8ರ ಆಸುಪಾಸು ಇಟ್ಟುಕೊಳ್ಳುವುದು ಒಳ್ಳೆಯದು.

ನನ್ನ ವಿಂಗ್‌ನ ಅಳತೆ ಹೀಗಿದೆ: ಎಡ ತುದಿಯಿಂದ ಬಲ ತುದಿಗೆ ಒಟ್ಟು ಉದ್ದ 100 ಸೆಂಮೀ, ಬುಡದಲ್ಲಿ ಅಗಲ 30, ತುದಿಯಲ್ಲಿ 20. ತುದಿಯ ಮುಂದಂಚು ಬುಡದ ಮುಂದಂಚಿಗಿಂತ 20 ಸೆಂಮೀ ಹಿಂದಿದೆ. ಸರಾಸರಿ ಅಗಲ ಹುಡುಕಲು ಸೂತ್ರವಿದೆ, ಆದರೆ ಚಿತ್ರ ಬರೆದು ನೋಡಿದರೆ ಮನಸ್ಸಿಗೆ ಬೇಗ ಇಳಿಯುತ್ತದೆ. ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯನ್ನು ಅಂಟಿಸಿಕೊಂಡು ಅರ್ಧ ರೆಕ್ಕೆ ಬರೆಯಿರಿ. ಬುಡದ ಗೆರೆಯನ್ನು ತುದಿಯ ಅಗಲದಷ್ಟು (20) ಹಿಂದಕ್ಕೆ ಎಳೆಯಿರಿ. ತುದಿಯ ಗೆರೆಯನ್ನು ಬುಡದ ಅಗಲದಷ್ಟು (30) ಮುಂದಕ್ಕೆ ಎಳೆಯಿರಿ. ಈ ಎರಡು ಕೊನೆಗಳನ್ನು ಓರೆಯಾಗಿ ಸೇರಿಸಿ. ಆಮೇಲೆ ಬುಡದ ಮಧ್ಯದಿಂದ ತುದಿಯ ಮಧ್ಯಕ್ಕೆ ಇನ್ನೊಂದು ಗೆರೆ. ಎರಡೂ ಕೂಡುವ ಕಡೆ ರೆಕ್ಕೆಯ ಅಗಲ ಎಷ್ಟಿದೆಯೋ ಅದೇ ಸರಾಸರಿ ಅಗಲ.

ನನಗೆ ಅದು ನಡುಗೆರೆಯಿಂದ 23.3 ಸೆಂಮೀ ದೂರದಲ್ಲಿ ಸಿಕ್ಕಿತು. ಅಲ್ಲಿ ಅಗಲ 25.3 ಸೆಂಮೀ. ಅದರ ಮುಂದಂಚು ಬುಡದ ಮುಂದಂಚಿಗಿಂತ 9.3 ಸೆಂಮೀ ಹಿಂದೆ. 25.3ರ ಕಾಲು ಭಾಗ 6.3. ಹಾಗಾದರೆ ನ್ಯೂಟ್ರಲ್ ಪಾಯಿಂಟ್ 9.3 + 6.3, ಅಂದರೆ ಬುಡದ ಮುಂದಂಚಿನಿಂದ 15.6 ಸೆಂಮೀ ಹಿಂದೆ. 8 ಶೇಕಡಾ ಅಂದರೆ 2 ಸೆಂಮೀ. ಅದನ್ನು ಕಳೆದರೆ ಸಿಜಿ 13.6ರಲ್ಲಿ ಬರಬೇಕು.

ಬದಲಾವಣೆ ಮಾಡಿದಾಗ ಏನಾಯಿತು

ಮೂಲ ತೂಕ 700 ಗ್ರಾಂ, ಸಿಜಿ ಸರಿಯಾಗಿ 13.6ರಲ್ಲೇ ಇತ್ತು. ನಾನು ಮಾಡಿದ್ದು ಮೂರು ಬದಲಾವಣೆ. ಪ್ರತಿಯೊಂದಕ್ಕೂ ಹೆಚ್ಚಾದ ತೂಕವನ್ನು ಸಿಜಿಯಿಂದ ಇರುವ ದೂರದಿಂದ ಗುಣಿಸಬೇಕು.

ಹೊಸ ಮೋಟಾರ್ 28 ಗ್ರಾಂ ಜಾಸ್ತಿ, ಬುಡದ ಮುಂದಂಚಿನಿಂದ 33 ಸೆಂಮೀ ಹಿಂದೆ, ಅಂದರೆ ಸಿಜಿಯಿಂದ 19.4 ಸೆಂಮೀ ಹಿಂದೆ ಕೂತಿದೆ. 28 × 19.4 = 543. ದೊಡ್ಡ ಇಎಸ್‌ಸಿ (ಮೋಟಾರ್‌ನ ವೇಗ ಹಿಡಿತದಲ್ಲಿಡುವ ಸರ್ಕ್ಯೂಟ್) 15 ಗ್ರಾಂ ಜಾಸ್ತಿ, 26 ಸೆಂಮೀಯಲ್ಲಿ. 15 × 12.4 = 186. ಮೂರನೆಯದನ್ನು ನಾನು ಬದಲಾವಣೆ ಅಂತ ಎಣಿಸಿಯೇ ಇರಲಿಲ್ಲ. ಹೊಸ ವೈರ್‌ಗೆ ಜಾಗ ಬೇಕೆಂದು 180 ಗ್ರಾಂ ಬ್ಯಾಟರಿಯನ್ನು 2 ಸೆಂಮೀ ಹಿಂದಕ್ಕೆ ತಳ್ಳಿದ್ದೆ. 180 × 2 = 360. ಎಲ್ಲಾ ಕೂಡಿದರೆ 1089. ಹೊಸ ತೂಕ 743ರಿಂದ ಭಾಗಿಸಿದರೆ ಸಿಜಿ ಸುಮಾರು 1.5 ಸೆಂಮೀ ಹಿಂದೆ ಹೋಗಿದೆ. 15.1ಕ್ಕೆ ಬಂದು ನಿಂತಿದೆ. ನ್ಯೂಟ್ರಲ್ ಪಾಯಿಂಟ್‌ಗೆ ಉಳಿದದ್ದು ಅರ್ಧ ಸೆಂಟಿಮೀಟರ್ ಮಾತ್ರ! ಗಮನಿಸಿ: ಯಾವ ತೂಕವನ್ನೂ ಸೇರಿಸದೆ ಬರೀ ಬ್ಯಾಟರಿ ಸರಿಸಿದ್ದೇ ಇದರಲ್ಲಿ ಮೂರನೇ ಒಂದು ಭಾಗ.

ಸರಿಪಡಿಸಲು ಮೊದಲು ಬ್ಯಾಟರಿಯನ್ನೇ ನೋಡಬೇಕು. ಸುಮ್ನೆ ಮೂಗಿಗೆ ಸೀಸ ತುಂಬಿದರೆ ಏನೂ ಕೆಲಸ ಮಾಡದ ತೂಕವನ್ನು ಹೊತ್ತು ತಿರುಗಿದ ಹಾಗೆ. ಮೂಗಿನ ಫೋಮ್ ಕೊರೆದು ಬ್ಯಾಟರಿಯನ್ನು 4.5 ಸೆಂಮೀ ಮುಂದೆ ತಂದೆ. 180 × 4.5 = 810. ಇನ್ನು 279 ಉಳಿಯಿತು. ಮೂಗಿನ ತುದಿ ಬುಡದ ಮುಂದಂಚಿಗಿಂತ 8 ಸೆಂಮೀ ಮುಂದಿದೆ, ಅಂದರೆ ಸಿಜಿಯಿಂದ 21.6 ಸೆಂಮೀ. 279 ÷ 21.6 = 13 ಗ್ರಾಂ. ನಮ್ಮೂರಲ್ಲಿ ಜೀನ್ಸ್ ಹೊಲಿಯುವ ಮನೆಗಳಿಗೆ ಬರವಿಲ್ಲ. ಅಲ್ಲಿಂದ ಲೋಹದ ಗುಂಡಿ ತಂದು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ 13 ಗ್ರಾಂ ಆಗುವ ತನಕ ಒಂದೊಂದಾಗಿ ಇಟ್ಟೆ. ಅವನ್ನು ಟೇಪಿನಲ್ಲಿ ಸುತ್ತಿ ಮೂಗಿನೊಳಗೆ ಅಂಟಿಸಿದೆ.

ಬೆರಳ ತುದಿಯ ಪರೀಕ್ಷೆ

ಲೆಕ್ಕ ಎಷ್ಟೇ ಸರಿ ಇದ್ದರೂ ಕೈಯಲ್ಲಿ ತೂಗಿ ನೋಡಲೇಬೇಕು. ಇಲ್ಲಿ ಬಹಳ ಜನ ಎಡವುವ ಕಡೆ ಒಂದಿದೆ. ರೆಕ್ಕೆ ಹಿಂದಕ್ಕೆ ವಾಲಿರುವುದರಿಂದ, ಬೆರಳು ಇಡುವ ಜಾಗದ ಮುಂದಂಚಿನಿಂದ 13.6 ಅಳೆಯಬಾರದು. ಬುಡದ ಮುಂದಂಚಿಗೆ ಅಡ್ಡಲಾಗಿ ಒಂದು ಉದ್ದ ಸ್ಕೇಲ್ ಇಟ್ಟು, ಅಲ್ಲಿಂದ ನೇರ ಹಿಂದಕ್ಕೆ ಅಳೆದು ಎರಡೂ ಕಡೆ ಗುರುತು ಹಾಕಿ. ಬ್ಯಾಟರಿ, ಮುಚ್ಚಳ, ಪ್ರೊಪೆಲ್ಲರ್ ಎಲ್ಲಾ ಇರಬೇಕು. ರಬ್ಬರ್ ಇರುವ ಎರಡು ಪೆನ್ಸಿಲ್‌ಗಳನ್ನು ನಿಲ್ಲಿಸಿ ಗುರುತಿನ ಕೆಳಗೆ ಕೊಡಿ. ಫ್ಯಾನ್ ಆಫ್ ಮಾಡಿ. ನಮ್ಮ ಬಳ್ಳಾರಿ ಸೆಕೆಯಲ್ಲಿ ಅದು ಕಷ್ಟವೇ, ಆದರೆ ಫ್ಯಾನ್ ಗಾಳಿಗೆ ರೆಕ್ಕೆ ಏಳುತ್ತದೆ, ಅಳತೆ ಸುಳ್ಳಾಗುತ್ತದೆ. ಮೂಗು ಕೂದಲೆಳೆಯಷ್ಟು ಕೆಳಗೆ ಬಾಗಿದರೆ ಸರಿ.

ಎಡ ಬಲದ ತೂಕವನ್ನೂ ಆಗಲೇ ನೋಡಿ. ಮೂಗು ಮತ್ತು ಹಿಂಬದಿಯ ನಡುಗೆರೆಯಲ್ಲಿ ಹಿಡಿದು ಎತ್ತಿ. ಯಾವ ಕಡೆ ಮತ್ತೆ ಮತ್ತೆ ಬೀಳುತ್ತದೋ ಅದರ ಎದುರು ತುದಿಗೆ ತೂಕ ಕೊಡಿ. ಹಳೆಯ ದಪ್ಪ ಐದು ರೂಪಾಯಿ ನಾಣ್ಯ 9 ಗ್ರಾಂ ತೂಗುತ್ತದೆ. ತುದಿಯಲ್ಲಿ ಅದೇ ಜಾಸ್ತಿ, ನನಗೆ ಎರಡು ಗುಂಡಿ ಸಾಕಾಯಿತು.

ರಿಫ್ಲೆಕ್ಸ್ ಮತ್ತು ಮೋಟಾರ್‌ನ ದಿಕ್ಕು

ಸಿಜಿ ಮುಂದಿದ್ದರೆ ಮೂಗು ಕೆಳಗೆ ಎಳೆಯುತ್ತದೆ. ಅದನ್ನು ಎತ್ತಿ ಹಿಡಿಯಲು ಎಲೆವಾನ್‌ಗಳು ಸುಮ್ಮನಿದ್ದಾಗಲೂ 2–3 ಮಿಮೀ ಮೇಲಿರಬೇಕು. ಇದೇ ರಿಫ್ಲೆಕ್ಸ್. ಇದನ್ನು ರಿಮೋಟ್‌ನಲ್ಲಿ ಮಾಡಬೇಡಿ. ಟ್ರಿಮ್ ಸೊನ್ನೆ ಇಟ್ಟು, ಸರ್ವೋ (ಎಲೆವಾನ್ ಆಡಿಸುವ ಪುಟ್ಟ ಮೋಟಾರ್) ತೋಳು ನೇರ ನಿಲ್ಲಿಸಿ, ಅದರಿಂದ ಎಲೆವಾನ್‌ಗೆ ಹೋಗುವ ಕಡ್ಡಿಯ ಉದ್ದ ತಿರುಗಿಸಿ ಹೊಂದಿಸಿ.

ಈಗ ನನ್ನ ವಿಮಾನ ಯಾಕೆ ಥ್ರಾಟಲ್ ಇರುವ ತನಕ ಸರಿಯಾಗಿತ್ತು ಅನ್ನುವುದಕ್ಕೆ ಬರೋಣ. ದೊಡ್ಡ ಪ್ರೊಪೆಲ್ಲರ್ ಹಿಂಬದಿಗೆ ತಾಗದಿರಲಿ ಎಂದು ಮೋಟಾರನ್ನು ಎತ್ತರಿಸಿದ್ದೆ. ಸಿಜಿಗಿಂತ ಮೇಲಿನಿಂದ ತಳ್ಳಿದರೆ ಮೂಗು ಕೆಳಗೆ ಹೋಗುತ್ತದೆ. ನಿಂತ ಬೀರುವಿನ ತಲೆಯನ್ನು ತಳ್ಳಿದ ಹಾಗೆ. ಹಿಂಬದಿ ಭಾರದ ತಪ್ಪನ್ನು ಮೋಟಾರ್ ಮುಚ್ಚಿಟ್ಟಿತ್ತು. ಥ್ರಾಟಲ್ ತೆಗೆದ ಕೂಡಲೇ ಆ ತಳ್ಳು ನಿಂತಿತು, ಮೂಗು ಎದ್ದಿತು, ಸ್ಟಾಲ್ ಆಯಿತು, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡಿತು. ಮೋಟಾರ್‌ನ ಗೆರೆಯನ್ನು ಮುಂದಕ್ಕೆ ಎಳೆದರೆ ಅದು ಸಿಜಿಯ ಹತ್ತಿರ ಹಾಯಬೇಕು. ಅದಕ್ಕೆ ಪ್ರೊಪೆಲ್ಲರ್ ಇರುವ ತುದಿಯನ್ನು ಸ್ವಲ್ಪ ಮೇಲಕ್ಕೆ ಓರೆ ಮಾಡಬೇಕು. ನಾನು ಮೋಟಾರ್ ಬುಡದ ಸ್ಕ್ರೂ ಅಡಿಯಲ್ಲಿ ಎರಡು ವಾಷರ್ ಕೊಟ್ಟೆ.

ಹೊಲದಲ್ಲಿ

ಬೆಳಗ್ಗೆಯೇ ಹೋಗಿ. ಬಳ್ಳಾರಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ. ಇಲ್ಲಿ 40 ಡಿಗ್ರಿ ಬಿಸಿಲಿನಲ್ಲಿ ಒಂದು ಘನ ಮೀಟರ್ ಗಾಳಿ 1.07 ಕಿಲೋ ತೂಗಿದರೆ, 18 ಡಿಗ್ರಿ ಚಳಿಗಾಲದ ಬೆಳಗಿನಲ್ಲಿ 1.15 ಕಿಲೋ. ನನ್ನ ವಿಂಗ್‌ನ ಸ್ಟಾಲ್ ವೇಗ ಗಂಟೆಗೆ ಸುಮಾರು 30 ಕಿಮೀ. ಬಿಸಿಲಿಗೆ ಅದು ಒಂದು ಕಿಮೀ ಏರುತ್ತದೆ. ಅಂತರ ಸಣ್ಣದು. ಆದರೆ ಕೈಯಿಂದ ಎಸೆಯುವಾಗ ಆ ಒಂದು ಕಿಮೀ ತಿಳಿಯುತ್ತದೆ. ಇನ್ನೊಂದು ಮಾತು: 2021ರ ಡ್ರೋನ್ ನಿಯಮದಲ್ಲಿ ಹಸಿರು ವಲಯದ (ಅನುಮತಿ ಕೇಳದೆ ಹಾರಿಸಬಹುದಾದ ಜಾಗದ) ಎತ್ತರ 400 ಅಡಿ, ವಿಮಾನ ನಿಲ್ದಾಣದ ಅಂಚಿನಿಂದ 8ರಿಂದ 12 ಕಿಮೀ ಒಳಗೆ ಬರೀ 200 ಅಡಿ. ವಿಮಾನ ನಿಲ್ದಾಣವಿರುವ ತೋರಣಗಲ್ಲು ಕಡೆಯವರು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿಯೇ ಹೊರಡಿ.

ಪ್ರೊಪೆಲ್ಲರ್ ಹಿಂದಿರುವುದರಿಂದ ಕೈ ಬಿಟ್ಟ ಮೇಲೆಯೇ ಮೋಟಾರ್ ಶುರು ಮಾಡಿ. ಗಾಳಿಗೆ ಎದುರಾಗಿ ಎಸೆಯಿರಿ. ಮೇಲೆ ಹೋಗಿ ಅರ್ಧ ಥ್ರಾಟಲ್‌ನಲ್ಲಿ ಮೊದಲು ಎಡ ಬಲದ ಟ್ರಿಮ್, ಆಮೇಲೆ ಮೂಗಿನ ಟ್ರಿಮ್. ಎಡ ಬಲದ ಟ್ರಿಮ್ ಎಲ್ಲಾ ವೇಗಕ್ಕೂ ಸರಿಹೋದರೆ ರೆಕ್ಕೆಯೋ ಎಲೆವಾನೋ ಸೊಟ್ಟಗಿದೆ. ನಿಧಾನ ಮಾಡಿದಾಗ ಒಂದು ಕಡೆ, ಜೋರು ಮಾಡಿದಾಗ ಇನ್ನೊಂದು ಕಡೆ ವಾಲಿದರೆ ಅದು ತೂಕದ ತಪ್ಪು. ಇಳಿಸಿ, ಗುಂಡಿ ಸರಿಸಿ.

ಕೊನೆಗೆ ಡೈವ್ ಪರೀಕ್ಷೆ. 50 ಮೀಟರ್ ಎತ್ತರದಲ್ಲಿ ನೇರ ಹಾರಿಸಿ. ಥ್ರಾಟಲ್ ಇಳಿಸಿ 30 ಡಿಗ್ರಿ ಕೆಳಗೆ ಬಾಗಿಸಿ, ರಿಮೋಟ್‌ನ ಕಡ್ಡಿಯಿಂದ ಬೆರಳು ತೆಗೆಯಿರಿ. ಚಟ್ಟನೆ ಮೇಲೆದ್ದರೆ ಮೂಗು ಭಾರ: ತೂಕ ಎತ್ತಲು ಕೊಟ್ಟ ರಿಫ್ಲೆಕ್ಸ್‌ಗೆ ವೇಗದ ಬಲ ಸೇರಿದೆ. ಕೆಳಗೇ ಹೋಗುತ್ತಿದ್ದರೆ, ಅಥವಾ ಇನ್ನೂ ಕಡಿದಾದರೆ, ಹಿಂಬದಿ ಭಾರ. ತಕ್ಷಣ ಎತ್ತಿ ಇಳಿಸಿ. ನಿಧಾನವಾಗಿ, ದೊಡ್ಡ ಬಾಗಿನಲ್ಲಿ ತಾನೇ ಎದ್ದರೆ ಅದೇ ಬೇಕಾದದ್ದು.

ನನ್ನದು ಮೊದಲ ಸಲ ಸ್ವಲ್ಪ ಚುರುಕಾಗಿ ಎದ್ದಿತು. ಬ್ಯಾಟರಿಯನ್ನು ಒಂದು ಸಲಕ್ಕೆ 3 ಮಿಮೀ ಹಿಂದೆ ಸರಿಸುತ್ತಾ ನಾಲ್ಕು ಸಲ ಹಾರಿಸಿದೆ. ಕೊನೆಗೆ ಸಿಜಿ 13.9ರಲ್ಲಿ ನಿಂತಿತು. ಬ್ಯಾಟರಿ ಕೂರುವ ಜಾಗದ ಪಕ್ಕ ಫೋಮ್ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದಿದ್ದೇನೆ. ನನ್ನ ಇನ್ನೊಂದು ಬ್ಯಾಟರಿ 12 ಗ್ರಾಂ ಜಾಸ್ತಿ ತೂಗುತ್ತದೆ, ಅದಕ್ಕೆ ಬೇರೆ ಬಣ್ಣದ ಗೆರೆ, ಇದಕ್ಕಿಂತ ಒಂದು ಸೆಂಮೀ ಹಿಂದೆ.