ಗೋಸುಂಬೆಗಿಂತ ಮೊದಲು ಗೂಡು ಬರಲಿ

ಕ್ಲಿನಿಕ್‌ಗೆ ಬರುವ ಗೋಸುಂಬೆಗಳಲ್ಲಿ ಹೆಚ್ಚಿನವಕ್ಕೆ ಇರುವುದು ಗೂಡಿನ ಕಾಯಿಲೆ. ಕಾಲಿನ ಮೂಳೆ ಬಾಗಿರುತ್ತದೆ, ಕಣ್ಣು ಒಳಗೆ ಹೋಗಿರುತ್ತದೆ, ಬೆನ್ನ ಮೇಲೆ ಸುಟ್ಟ ಗಾಯ ಇರುತ್ತದೆ. ಕಾರಣ ಕೆದಕಿದರೆ ದೀಪ ಸರಿ ಇಲ್ಲ, ನೀರು ಸಾಲದು, ಇಲ್ಲವೇ ಕೊಂಬೆ ಕಟ್ಟಿದ ಎತ್ತರ ತಪ್ಪು. ಔಷಧಿ ಕೊಟ್ಟು ಕಳಿಸಿದರೂ ಅದೇ ಗೂಡಿಗೆ ತಾನೇ ವಾಪಸ್ ಹೋಗೋದು?

ನಾನಿರುವ ಫ್ಲೋರಿಡಾದಲ್ಲಿ ಸರೀಸೃಪ ಸಾಕುವವರು ಜಾಸ್ತಿ. ಕನ್ನಡ ಕೂಟದ ಊಟದ ಸಾಲಿನಲ್ಲೂ ಯಾರಾದರೂ ಹಿಡಿದುಕೊಳ್ಳುತ್ತಾರೆ. "ಮಗ ಹಟ ಮಾಡ್ತಿದಾನೆ ಡಾಕ್ಟ್ರೇ, ಈ ಶನಿವಾರ ಒಂದು ತಂದುಬಿಡೋಣ ಅಂತ." ಶನಿವಾರ ಗೂಡು ತನ್ನಿ, ಗೋಸುಂಬೆ ಮುಂದಿನ ತಿಂಗಳು ಬರಲಿ ಅನ್ನುತ್ತೇನೆ. ಹುಡುಗನ ಮುಖ ಸಪ್ಪಗಾಗುತ್ತದೆ. ಆದರೂ ನನ್ನ ಮಾತು ಬದಲಾಗುವುದಿಲ್ಲ. ಗಿಡ ಇಟ್ಟು, ದೀಪ ಹಾಕಿ, ನೀರು ಬಿಟ್ಟು, ಎರಡು ಮೂರು ವಾರ ಖಾಲಿ ಗೂಡನ್ನೇ ನಡೆಸಿ ನೋಡಬೇಕು. ಮಧ್ಯಾಹ್ನ ಶಾಖ ಎಷ್ಟಕ್ಕೆ ನಿಲ್ಲುತ್ತದೆ, ರಾತ್ರಿ ತೇವ ಎಷ್ಟಿರುತ್ತದೆ, ನೀರು ಕಾರ್ಪೆಟ್‌ಗೆ ಸೋರುತ್ತದಾ ಅನ್ನೋದೆಲ್ಲ ಆಗ ಗೊತ್ತಾಗುತ್ತದೆ. ಪ್ರಾಣಿ ಒಳಗಿರುವಾಗ ಇದನ್ನೆಲ್ಲ ಕಲಿಯಲು ಹೋದರೆ ಬೆಲೆ ತೆರುವುದು ಅದು. ಗೋಸುಂಬೆ ತನ್ನ ನೋವನ್ನು ಮುಚ್ಚಿಡುವ ಪ್ರಾಣಿ. ಕಾಡಿನಲ್ಲಿ ಸುಸ್ತು ತೋರಿಸಿಕೊಂಡರೆ ಹಕ್ಕಿಗೋ ಹಾವಿಗೋ ಊಟ. ಹಾಗಾಗಿ ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ಕಾಯಿಲೆ ಹಳೆಯದಾಗಿರುತ್ತದೆ.

ಇದನ್ನು ಕರ್ನಾಟಕದಲ್ಲಿ ಕೂತು ಓದುತ್ತಿರುವವರಿಗೆ ಒಂದು ಮಾತು. ನಮ್ಮ ಹೊಲದ ಬೇಲಿಯಲ್ಲಿ ಕಾಣುವ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹಿಡಿಯುವಂತೆಯೂ ಇಲ್ಲ, ಸಾಕುವಂತೆಯೂ ಇಲ್ಲ. ವಿದೇಶಿ ಗೋಸುಂಬೆಗಳು ಹೆಚ್ಚುಕಮ್ಮಿ ಎಲ್ಲವೂ ಸೈಟಿಸ್, ಅಂದರೆ ವನ್ಯಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. 2024ರ ನಿಯಮದ ಪ್ರಕಾರ ಅಂಥ ಪ್ರಾಣಿ ಕೈಗೆ ಬಂದ 30 ದಿನದೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಾಗದಪತ್ರ ಆಮೇಲೆ ಕೊಡ್ತೀನಿ ಅನ್ನುವವನ ಹತ್ತಿರ ವ್ಯಾಪಾರವೇ ಬೇಡ.

ಮೊದಲ ಸಲಕ್ಕೆ ನಾನು ಹೇಳುವುದು ವೇಲ್ಡ್ ಕೆಮೀಲಿಯನ್. ತಲೆಯ ಮೇಲೆ ಎತ್ತರದ ಮುಕುಟ ಇರುವ ಜಾತಿ. ಯೆಮನ್ ಮತ್ತು ಸೌದಿಯ ನೈಋತ್ಯ ಭಾಗದ್ದು. ಗಂಡು ಬಾಲ ಸೇರಿ ಎರಡು ಅಡಿಯವರೆಗೂ ಬೆಳೆಯಬಹುದು, ಚೆನ್ನಾಗಿ ನೋಡಿಕೊಂಡರೆ ಐದಾರು ವರ್ಷಕ್ಕೆ ಮೋಸವಿಲ್ಲ. ಮಡಗಾಸ್ಕರ್‌ನ ಪ್ಯಾಂಥರ್ ಕೆಮೀಲಿಯನ್ ಕೂಡ ಆಗುತ್ತದೆ, ಬೆಲೆ ಜಾಸ್ತಿ. ಮೂರು ಕೊಂಬಿನ ಜಾಕ್ಸನ್ ನೋಡಲು ಚೆಂದ, ಆದರೆ ಅದು ಪೂರ್ವ ಆಫ್ರಿಕಾದ ಬೆಟ್ಟದ ಪ್ರಾಣಿ, ತಂಪು ಬೇಕು. ಹೊಸಬರಿಗೆ ಬೇಡ. ಯಾವುದೇ ಆದರೂ ಸಾಕಿದ ಗೋಸುಂಬೆಗೆ ಹುಟ್ಟಿದ ಮರಿಯನ್ನೇ ಕೇಳಿ, ಕನಿಷ್ಠ ಮೂರು ತಿಂಗಳಾದರೂ ತುಂಬಿರಲಿ. ಕಾಡಿನಿಂದ ಹಿಡಿದು ತಂದದ್ದರ ಹೊಟ್ಟೆಯಲ್ಲಿ ಹುಳ, ಮೈಯಲ್ಲಿ ನೀರಿಲ್ಲ, ತಲೆಯಲ್ಲಿ ಭಯ. ಒಂದು ಗೂಡಿಗೆ ಒಂದೇ ಗೋಸುಂಬೆ. "ಜೊತೆ ಬೇಕಲ್ವಾ, ಪಾಪ" ಅಂತ ಎರಡು ತರಬೇಡಿ. ಎರಡನೆಯದು ಕಣ್ಣೆದುರು ಇದ್ದರೇ ಸಾಕು, ಒಂದು ಊಟ ಬಿಡುತ್ತದೆ.

ಬೆಳೆದ ಗಂಡಿಗೆ ಎರಡಡಿ ಅಗಲ, ಎರಡಡಿ ಉದ್ದ, ನಾಲ್ಕಡಿ ಎತ್ತರದ ಜಾಲರಿ ಗೂಡು ಬೇಕು. ಅದನ್ನು ಮೇಜಿನ ಮೇಲೆ ಏರಿಸಿಡಿ. ನಮ್ಮ ತಲೆಗಿಂತ ಮೇಲೆ ಕೂತಾಗ ಗೋಸುಂಬೆಗೆ ನೆಮ್ಮದಿ. ಎಸಿ ಗಾಳಿ ನೇರ ಬೀಸುವ ಜಾಗ, ಟಿವಿ ಪಕ್ಕ, ಓಡಾಡುವ ಬಾಗಿಲ ಬಳಿ ಬೇಡ. ಒಳಗೆ ನಿಜವಾದ ಗಿಡ ಇಡಿ. ದಾಸವಾಳ, ಅಂಬ್ರೆಲಾ ಗಿಡ, ಮನಿ ಪ್ಲಾಂಟ್ ನಡೆಯುತ್ತವೆ. ವೇಲ್ಡ್ ಎಲೆಯನ್ನೂ ಕಡಿದು ತಿನ್ನುತ್ತದೆ. ಹಾಗಾಗಿ ನರ್ಸರಿಯಿಂದ ತಂದ ಗಿಡದ ಎಲೆಗಳನ್ನು ಚೆನ್ನಾಗಿ ತೊಳೆದು, ಮಣ್ಣು ಬದಲಿಸಿ ಇಡಬೇಕು. ಹೊಸದಾಗಿ ಬಂದ ಗೋಸುಂಬೆ ನಿಮಗೆ ಕಾಣದ ಹಾಗೆ ಅಡಗಿಕೊಳ್ಳುವಷ್ಟು ಎಲೆ ಇರಬೇಕು. ಶೋಕೇಸ್ ಥರ ಖಾಲಿ ಗೂಡಿನಲ್ಲಿ ಅದಕ್ಕೆ ದಿನವಿಡೀ ದಿಗಿಲು.

ಇನ್ನು ದೀಪ. ಜನ ಎಡವುವುದು ಇಲ್ಲೇ. "ಕಿಟಕಿ ಪಕ್ಕನೇ ಇಟ್ಟಿದೀವಿ, ಬೇಕಾದಷ್ಟು ಬಿಸಿಲು ಬರತ್ತೆ" ಅನ್ನುತ್ತಾರೆ. ಬೆಳಕು ಬರುತ್ತದೆ, ನಿಜ. ಆದರೆ ಗೋಸುಂಬೆಗೆ ಬೇಕಾದ ಯುವಿಬಿ ಅನ್ನುವ ನೇರಳಾತೀತ ಕಿರಣವನ್ನು ಕಿಟಕಿ ಗಾಜು ತಡೆದುಬಿಡುತ್ತದೆ. ಆ ಕಿರಣ ಇಲ್ಲದಿದ್ದರೆ ಚರ್ಮದಲ್ಲಿ ವಿಟಮಿನ್ ಡಿ3 ಆಗುವುದಿಲ್ಲ. ಡಿ3 ಇಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಆಗ ಮೈ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕೀಳುತ್ತದೆ. ದವಡೆ ರಬ್ಬರಿನಂತಾಗುತ್ತದೆ, ಕೊಂಬೆ ಹಿಡಿಯುವ ಕಾಲು ಬಾಗುತ್ತದೆ, ಹುಳಕ್ಕೆ ಗುರಿಯಿಟ್ಟ ನಾಲಿಗೆ ಅರ್ಧಕ್ಕೇ ನಿಲ್ಲುತ್ತದೆ. ಬಾಗಿದ ಮೂಳೆ ಮತ್ತೆ ನೆಟ್ಟಗಾಗುವುದಿಲ್ಲ.

ಅದಕ್ಕೇ ಟಿ5 ಎಚ್‌ಓ ಅನ್ನುವ ಉದ್ದನೆಯ ಟ್ಯೂಬ್, ಯುವಿಬಿ 5 ಅಥವಾ 6 ಶೇಕಡಾದ್ದು, ಗೂಡಿನ ಚಾವಣಿಯ ಉದ್ದಕ್ಕೂ ಇರಬೇಕು. ಸುರುಳಿ ಬಲ್ಬ್ ಅಗ್ಗ ಅಂತ ಅಂಗಡಿಯವರು ಕೊಡುತ್ತಾರೆ, ಅದರ ವ್ಯಾಪ್ತಿ ಸಾಲದು. ಗೋಸುಂಬೆ ಬಿಸಿಲು ಕಾಯುವ ಕೊಂಬೆಯಲ್ಲಿ ಯುವಿ ಸೂಚ್ಯಂಕ 3ರ ಆಸುಪಾಸು ಇದ್ದರೆ ಸರಿ. ಅಳೆಯುವ ಮೀಟರ್ ದುಬಾರಿ, ಸಾಕುವವರ ಗುಂಪಿನಲ್ಲಿ ಎರವಲು ಸಿಗುತ್ತದಾ ಕೇಳಿ. ಟ್ಯೂಬ್ ಉರಿಯುತ್ತಲೇ ಇದ್ದರೂ ಕಿರಣ ಕಡಿಮೆಯಾಗುತ್ತಾ ಹೋಗುತ್ತದೆ. ವರ್ಷಕ್ಕೊಮ್ಮೆ ಬದಲಿಸಿ, ಟೈಮರ್ ಹಾಕಿ ದಿನಕ್ಕೆ 12 ಗಂಟೆ ಉರಿಸಿ.

ಕಾವಿಗೆ ಬೇರೆ ಬಲ್ಬ್. ಹಳೆಯ ಕಾಲದ ತಂತಿ ಬಲ್ಬ್ ಸಾಕು. ಬೆಳೆದ ಗಂಡು ವೇಲ್ಡ್‌ಗೆ ಕಾವಿನ ಜಾಗದಲ್ಲಿ 29-30 ಡಿಗ್ರಿ ಸೆಲ್ಸಿಯಸ್, ಮರಿಗೂ ಹೆಣ್ಣಿಗೂ 27ರ ಹತ್ತಿರ. ಅಳೆಯುವಾಗ ಥರ್ಮಾಮೀಟರ್ ಕಡ್ಡಿಯನ್ನು ಕೊಂಬೆಗೆ ಅಂಟಿಸಬೇಡಿ. ಗೋಸುಂಬೆಯ ಬೆನ್ನು ಬರುವ ಎತ್ತರಕ್ಕೆ ಇಡಿ. ಕೊಂಬೆಯಲ್ಲಿ 30 ಇದ್ದರೆ, ನಾಲ್ಕು ಇಂಚು ಮೇಲೆ ಅದರ ಬೆನ್ನಿನ ಗರಗಸದ ಬಳಿ ಇನ್ನೂ ಜಾಸ್ತಿ. ಚಳಿಯಾದ ಗೋಸುಂಬೆ ಕಾವಿಗೆ ಅಂತ ಹತ್ತಿರ ಹೋಗಿ, ಸುಡುತ್ತಿದ್ದರೂ ಕದಲದೆ ಕೂತಿರುತ್ತದೆ. ಮೊದಲೆರಡು ದಿನ ಬೆನ್ನಿನ ಅಂಚು ಮಾಸಲು ಹಸಿರಾಗುತ್ತದೆ, ಆಮೇಲೆ ಕಪ್ಪಾಗಿ ಉದುರುತ್ತದೆ. ರಾತ್ರಿ ಎಲ್ಲ ದೀಪ ಆರಿಸಿ, ಕೆಂಪು ಬಲ್ಬ್ ಕೂಡ ಬೇಡ. ಬೆಳೆದವಕ್ಕೆ 18 ಡಿಗ್ರಿಗೆ ಇಳಿದರೂ ತೊಂದರೆ ಇಲ್ಲ, ಒಳ್ಳೆಯದೇ.

ಬಟ್ಟಲಿನಲ್ಲಿ ನೀರಿಟ್ಟರೆ ಗೋಸುಂಬೆ ಮೂಸಿಯೂ ನೋಡುವುದಿಲ್ಲ. ಎಲೆಯ ಮೇಲಿನ ಹನಿಯನ್ನು ನೆಕ್ಕಿ ಕುಡಿಯುವುದು ಅದರ ಕ್ರಮ. ಬೆಳಗ್ಗೆ ದೀಪ ಹತ್ತುವ ಮೊದಲು ಮತ್ತು ಸಂಜೆ ಆರಿದ ಮೇಲೆ, ಒಂದೊಂದು ಸಲಕ್ಕೆ ಎರಡು ನಿಮಿಷ ಮಂಜಿನಂತೆ ನೀರು ಸಿಂಪಡಿಸಿ. ಮಧ್ಯಾಹ್ನ ಒಂದು ಎಲೆಯ ಮೇಲೆ ನೀರು ಹನಿಹನಿಯಾಗಿ ತೊಟ್ಟಿಕ್ಕಲು ಬಿಡಿ. ಹಗಲು ಗೂಡು ಪೂರ್ತಿ ಒಣಗಬೇಕು. ದಿನವಿಡೀ ಒದ್ದೆಯಾಗಿ, ಗಾಳಿಯಾಡದೆ ಇದ್ದರೆ ಶ್ವಾಸಕೋಶದ ಸೋಂಕು ಖಾತ್ರಿ. ನೀರು ಸಾಕಾಗಿದೆಯಾ ಅಂತ ತಿಳಿಯಲು ಹಿಕ್ಕೆ ನೋಡಿ. ಕಂದು ಭಾಗದ ಜೊತೆಗಿರುವ ಯೂರೇಟ್, ಅಂದರೆ ಮೂತ್ರದ ಗಟ್ಟಿ ಭಾಗ, ಬೆಳ್ಳಗಿದ್ದರೆ ಚೆನ್ನಾಗಿದೆ. ಕಿತ್ತಳೆ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದ್ದರೆ ಬಾಯಾರಿದೆ ಅಂತ. ಹಗಲಲ್ಲಿ ಕಣ್ಣು ಮುಚ್ಚಿ ಕೂತಿದ್ದರೆ ಕಾಯಬೇಡಿ, ಅವತ್ತೇ ಡಾಕ್ಟರ ಹತ್ತಿರ ತನ್ನಿ.

ಊಟದ ವಿಷಯಕ್ಕೆ ಮನೆಯಲ್ಲಿ ಮೊದಲೇ ಮಾತುಕತೆ ಆಗಲಿ. ಗೋಸುಂಬೆಗೆ ಜೀವಂತ ಹುಳವೇ ಬೇಕು. ಕ್ರಿಕೆಟ್ ಹುಳ, ರೇಷ್ಮೆ ಹುಳ, ದೂಬಿಯಾ ಜಿರಳೆ. ಜಿರಳೆ ಡಬ್ಬಿ ಅಡುಗೆಮನೆ ಪಕ್ಕ ಇರುವುದನ್ನು ನೋಡಿ ಊರಿಂದ ಬಂದ ಅತ್ತೆಯವರು ಏನನ್ನುತ್ತಾರೆ ಅನ್ನೋದು ನನ್ನ ವೈದ್ಯಕೀಯದ ವ್ಯಾಪ್ತಿಗೆ ಬರುವುದಿಲ್ಲ. ಹುಳ ಗೋಸುಂಬೆಯ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ಹುಳಕ್ಕೆ ಮೊದಲು ಸೊಪ್ಪು, ಗಜ್ಜರಿ ತಿನ್ನಿಸಿ, ಆಮೇಲೆ ಡಿ3 ಇಲ್ಲದ ಕ್ಯಾಲ್ಸಿಯಂ ಪುಡಿ ಸವರಿ ಕೊಡಿ. ಡಿ3 ಮತ್ತು ವಿಟಮಿನ್ ಇರುವ ಪುಡಿ ತಿಂಗಳಿಗೆ ಎರಡು ಸಲ ಸಾಕು. ಬೆಳೆಯುವ ಮರಿಗೆ ದಿನಾ, ಬೆಳೆದದ್ದಕ್ಕೆ ದಿನ ಬಿಟ್ಟು ದಿನ ನಾಲ್ಕೈದು ಹುಳ. ತಿನ್ನದೆ ಉಳಿದ ಕ್ರಿಕೆಟ್ ಹುಳವನ್ನು ರಾತ್ರಿ ಒಳಗೆ ಬಿಡಬೇಡಿ, ಅವು ಮಲಗಿದ ಗೋಸುಂಬೆಯನ್ನೇ ಕಚ್ಚುತ್ತವೆ.

ಮೊದಲ ಸಲಕ್ಕೆ ಗಂಡು ಗೋಸುಂಬೆಯನ್ನೇ ತನ್ನಿ ಅನ್ನುತ್ತೇನೆ, ಕಾರಣ ಮೊಟ್ಟೆ. ಹೆಣ್ಣು ವೇಲ್ಡ್ ಗಂಡಿನ ಮುಖ ನೋಡದೆಯೂ ಮೊಟ್ಟೆ ಇಡುತ್ತದೆ, ಒಂದೊಂದು ಸಲಕ್ಕೆ ಹತ್ತಾರು. ಅಗೆಯಲು ಒಂದಡಿ ಆಳದ ತೇವದ ಮರಳಿನ ತೊಟ್ಟಿ ಇಲ್ಲದಿದ್ದರೆ ಮೊಟ್ಟೆ ಒಳಗೇ ಉಳಿದು ಅದರ ಜೀವಕ್ಕೇ ಅಪಾಯ. ಪ್ರೀತಿಯಿಂದ ಜಾಸ್ತಿ ತಿನ್ನಿಸಿದಷ್ಟೂ ಮೊಟ್ಟೆ ಜಾಸ್ತಿ.

ಕೈ ಮೇಲೆ ಹತ್ತಿಸಿಕೊಂಡು ಆಡುವ ಆಸೆ ಇದ್ದರೆ ಬೇರೆ ಪ್ರಾಣಿ ನೋಡಿ. ಮುಟ್ಟಲು ಹೋದಾಗ ಮೈ ಕಪ್ಪಾಗಿ, ಬಾಯಿ ತೆರೆದು ಬುಸುಗುಟ್ಟಿದರೆ ಅದು ಬೇಡ ಅನ್ನುತ್ತಿದೆ. ಬೇಜಾರಾಯಿತು ಅಂತ ಹೊರಗೆ ಬಿಡುವ ಹಾಗೂ ಇಲ್ಲ. ಫ್ಲೋರಿಡಾದಲ್ಲಿ ಹಾಗೆ ಬಿಟ್ಟ ವೇಲ್ಡ್‌ಗಳು ಕಾಡು ಸೇರಿ ಸಂಸಾರ ಹೂಡಿವೆ.

ನಾಯಿ ಬೆಕ್ಕಿನ ಡಾಕ್ಟರೆಲ್ಲರೂ ಗೋಸುಂಬೆ ನೋಡುವುದಿಲ್ಲ. ಅಮೆರಿಕದಲ್ಲಿರುವವರು ಸರೀಸೃಪ ವೈದ್ಯರ ಸಂಘವಾದ ಎಆರ್‌ಎವಿಯ ಪಟ್ಟಿಯಲ್ಲಿ ಹತ್ತಿರದವರನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ತಂದ ಮೊದಲ ವಾರಗಳಲ್ಲೇ ಒಮ್ಮೆ ತಾಜಾ ಹಿಕ್ಕೆಯ ಜೊತೆ ತೋರಿಸಿ, ಹುಳ ಇದೆಯಾ ಪರೀಕ್ಷಿಸುತ್ತಾರೆ. ಇನ್ನೊಂದು ವಿಷಯ ಯಾರೂ ಯೋಚಿಸಿರುವುದಿಲ್ಲ. ಬೇಸಿಗೆ ರಜೆಗೆ ನಾಲ್ಕು ವಾರ ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ? ನೀರಿಗೆ ಯಂತ್ರ ಇದೆ, ದೀಪಕ್ಕೆ ಟೈಮರ್ ಇದೆ. ಹುಳ ಹಾಕಲು, ಹಿಕ್ಕೆ ನೋಡಲು, ನೀರಿನ ತೊಟ್ಟಿ ತುಂಬಿಸಲು ಮನುಷ್ಯರೇ ಬೇಕು. ಜಿರಳೆ ಡಬ್ಬಿ ತೆರೆಯಲು ಹೆದರದ ಒಬ್ಬ ಸ್ನೇಹಿತರನ್ನು ಟಿಕೆಟ್ ಬುಕ್ ಮಾಡುವ ಮೊದಲೇ ಒಪ್ಪಿಸಿಟ್ಟುಕೊಳ್ಳಿ.