ಹೇಳಿದ್ದು ಒಂದು, ಕೇಳಿಸಿದ್ದು ಇನ್ನೊಂದು: ಸಂವಹನ ಪಾಠದ ಟಿಪ್ಪಣಿ

ಸಂವಹನ ಕೌಶಲದ ಪೇಪರ್‌ಗೆ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಪುಸ್ತಕದಲ್ಲಿರುವ ಮಾದರಿಗಳ ಚಿತ್ರವನ್ನು ಬಾಯಿಪಾಠ ಮಾಡಿದರೆ ಅಂಕ ಬರಬಹುದು. ಆದರೆ ತಪ್ಪು ತಿಳುವಳಿಕೆ ಎಲ್ಲಿ ಹುಟ್ಟುತ್ತದೆ ಅನ್ನೋದು ಗೊತ್ತಾಗಬೇಕಲ್ವಾ? ಕೇಳುವವರು ಗಮನ ಕೊಡಲಿಲ್ಲ ಅಂತ ನಾವು ದೂರುತ್ತೇವೆ. ನನ್ನ ಪ್ರಕಾರ ಅದು ಜಾಸ್ತಿ ಹುಟ್ಟುವುದು ಹೇಳುವವರ ಕಡೆಯಲ್ಲೇ. ತನಗೆ ಗೊತ್ತಿರೋದು ಎದುರಿನವರಿಗೂ ಗೊತ್ತು ಅಂದುಕೊಂಡಾಗ.

ಗದ್ದಲ

ಮೊದಲ ಮಾದರಿ ಅಮೆರಿಕದ ಎಂಜಿನಿಯರ್ ಕ್ಲಾಡ್ ಶಾನನ್ ಅವರದು, 1948ರದ್ದು. ಸಂದೇಶ ಒಂದು ಕಡೆಯಿಂದ ಹೊರಟು, ಒಂದು ದಾರಿಯಲ್ಲಿ ಸಾಗಿ, ಇನ್ನೊಂದು ಕಡೆ ತಲುಪುತ್ತದೆ. ನಡುವೆ ಗದ್ದಲ ಸೇರುತ್ತದೆ. ಮಳೆಗಾಲದಲ್ಲಿ ಕೊಡಗಿನ ತೋಟದೊಳಗಿನಿಂದ ಫೋನ್ ಮಾಡಿದವರಿಗೆ ಈ ಗದ್ದಲದ ವಿವರಣೆ ಬೇಕಿಲ್ಲ. ಸಿಗ್ನಲ್ ಕಡಿಯುವಾಗ "ಇಪ್ಪತ್ತು ಚೀಲ ಗೊಬ್ಬರ" ಅಂದದ್ದು "ಎಪ್ಪತ್ತು ಚೀಲ" ಅಂತ ಕೇಳಿಸಬಹುದು. ಪರಿಹಾರವೂ ಶಾನನ್ ಸಿದ್ಧಾಂತದಲ್ಲೇ ಇದೆ: ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಮಾಹಿತಿ ಕಳಿಸಿ. "ಇಪ್ಪತ್ತು, ಮೊದಲು ಎರಡು, ಆಮೇಲೆ ಸೊನ್ನೆ" ಅಂದರೆ ಮುಗಿಯಿತು. ಒಂದು ಹಾಳಾದರೂ ಇನ್ನೊಂದು ಉಳಿಯುತ್ತದೆ.

ಆದರೆ ಸಂದೇಶದ ಅರ್ಥ ತನ್ನ ಎಂಜಿನಿಯರಿಂಗ್ ಸಮಸ್ಯೆಗೆ ಸಂಬಂಧಿಸಿದ್ದಲ್ಲ ಅಂತ ಶಾನನ್ ತಾವೇ ಬರೆದಿದ್ದಾರೆ. ಪರೀಕ್ಷೆಯಲ್ಲಿ ಈ ಮಾತು ಸೇರಿಸಿ. ಶಬ್ದ ಸರಿಯಾಗಿ ತಲುಪಿದರೂ ಅರ್ಥ ತಪ್ಪಬಹುದು. ಅಲ್ಲಿಂದ ಮುಂದಿನದು ಸಂವಹನ ವಿದ್ವಾಂಸ ವಿಲ್ಬರ್ ಶ್ರಾಮ್ ಅವರ ಕೆಲಸ.

ಇಬ್ಬರ ಅನುಭವ

1954ರಲ್ಲಿ ಶ್ರಾಮ್ ಹೇಳಿದ್ದು ಇಷ್ಟು: ಹೇಳುವವರ ಅನುಭವ, ಕೇಳುವವರ ಅನುಭವ ಎಲ್ಲಿ ಒಂದರ ಮೇಲೊಂದು ಬರುತ್ತದೋ ಅಲ್ಲಿ ಮಾತ್ರ ಅರ್ಥ ದಾಟುತ್ತದೆ. ನಮ್ಮ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಹೇಳುತ್ತಾರೆ. ನೂರು ಸೆಂಟ್ ಅಂದರೆ ಒಂದು ಇಂಚು. ಹವಾಮಾನ ಇಲಾಖೆಯ ಲೆಕ್ಕ ಮಿಲಿಮೀಟರ್‌ನಲ್ಲಿ. ಮಾರ್ಚ್‌ನಲ್ಲಿ ಯಾರಾದರೂ "ನಿನ್ನೆ 50 ಮಳೆ" ಅಂತ ಮೆಸೇಜ್ ಹಾಕಿದರೆ ಏನು ತಿಳಿಯಬೇಕು? 50 ಸೆಂಟ್ ಅಂದರೆ ಅರ್ಧ ಇಂಚು, 12.7 ಮಿಲಿಮೀಟರ್. 50 ಮಿಲಿಮೀಟರ್ ಅಂದರೆ ಹತ್ತಿರ ಹತ್ತಿರ ಎರಡು ಇಂಚು. ಹೂಮಳೆ (ಕಾಫಿ ಹೂ ಅರಳಲು ಬೇಕಾದ ಮಳೆ) ಸಾಕಾಯಿತೋ, ಸ್ಪ್ರಿಂಕ್ಲರ್ ಹಾಕಬೇಕೋ ಅನ್ನೋ ತೀರ್ಮಾನವೇ ಬದಲಾಗುತ್ತದೆ. ಇಂಥದ್ದೇ ಅಳತೆಯ ಗೊಂದಲದಿಂದ 1999ರಲ್ಲಿ ನಾಸಾ ಮಂಗಳಕ್ಕೆ ಕಳಿಸಿದ್ದ ಒಂದು ನೌಕೆಯನ್ನು ಕಳೆದುಕೊಂಡಿತು. ಒಂದು ತಂಡ ಪೌಂಡ್ ಲೆಕ್ಕದಲ್ಲಿ ಕೊಟ್ಟದ್ದನ್ನು ಇನ್ನೊಂದು ತಂಡ ನ್ಯೂಟನ್ ಲೆಕ್ಕ ಅಂದುಕೊಂಡಿತ್ತು.

ಎಷ್ಟು ಹೇಳಬೇಕು

ತತ್ವಶಾಸ್ತ್ರಜ್ಞ ಪಾಲ್ ಗ್ರೈಸ್ 1975ರಲ್ಲಿ ಪ್ರಕಟಿಸಿದ ಬರಹದಲ್ಲಿ ಮಾತುಕತೆಗೆ ನಾಲ್ಕು ನಿಯಮಗಳಿವೆ. ಬೇಕಾದಷ್ಟು ಹೇಳು, ನಿಜ ಹೇಳು, ವಿಷಯಕ್ಕೆ ಸಂಬಂಧಪಟ್ಟದ್ದು ಹೇಳು, ಸ್ಪಷ್ಟವಾಗಿ ಹೇಳು. ಇವುಗಳಲ್ಲಿ ಮೊದಲನೆಯದೇ ಕಷ್ಟ. ಶಿಲೀಂಧ್ರ ರೋಗ ಬರದಂತೆ ಗಿಡಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣದ ಉದಾಹರಣೆ ನೋಡಿ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ತೋಟದ ಕೆಲಸ ನೋಡಿಕೊಳ್ಳುವ ರೈಟರ್ ತಲೆಯಲ್ಲಿ 200 ಲೀಟರ್ ಡ್ರಮ್ ಇದೆ. ಹಾಗಾಗಿ "ಮೈಲುತುತ್ತು ಎರಡು ಕೆಜಿ ಹಾಕಿ" ಅಂತಾರೆ. ಅವರ ಮಟ್ಟಿಗೆ ಮಾತು ಪೂರ್ತಿಯಾಗಿದೆ. ಆಳಿನ ಮುಂದೆ ಇರೋದು 100 ಲೀಟರ್ ಡ್ರಮ್. ಸುಣ್ಣದ ಮಾತೇ ಬಂದಿಲ್ಲ. ಅವರು ಸುಣ್ಣವನ್ನು ಯಾವಾಗಲೂ ಹಾಕುವ ಒಂದು ಕೆಜಿಯಷ್ಟೇ ಹಾಕಿದರೆ ತಾಮ್ರ ಜಾಸ್ತಿಯಾಗಿ ಎಲೆ ಸುಡುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಯಾರೂ ಕಿವಿ ಮುಚ್ಚಿಕೊಂಡಿಲ್ಲ.

ತಿರುಗಿ ಹೇಳಿಸುವುದು

ಇಡೀ ಪಾಠದಲ್ಲಿ ನನಗೆ ಅತಿ ಮುಖ್ಯ ಅನಿಸುವ ಭಾಗ ಇದು. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜು. ರನ್‌ವೇ ಮೇಲೆ ಎರಡು ಬೋಯಿಂಗ್ 747 ವಿಮಾನಗಳಿದ್ದವು: ಒಂದು ನೆದರ್‌ಲ್ಯಾಂಡ್ಸ್‌ನ ಕೆಎಲ್‌ಎಂ ಸಂಸ್ಥೆಯದು, ಇನ್ನೊಂದು ಅಮೆರಿಕದ ಪ್ಯಾನ್ ಆಮ್ ಸಂಸ್ಥೆಯದು. ಕೆಎಲ್‌ಎಂ ವಿಮಾನದಿಂದ "ನಾವೀಗ ಟೇಕಾಫ್‌ನಲ್ಲಿದ್ದೇವೆ" ಅನ್ನುವ ಅರ್ಥದ ಮಾತು ಬಂತು. ಹೊರಟಿದ್ದೇವೆ ಅಂತಲೋ, ಹೊರಡಲು ತಯಾರಾಗಿ ನಿಂತಿದ್ದೇವೆ ಅಂತಲೋ? ನಿಯಂತ್ರಕರು ಎರಡನೆಯದು ಅಂದುಕೊಂಡು "ಓಕೆ" ಅಂದರು, ಆಮೇಲೆ ಕಾಯಲು ಹೇಳಿದರು. ಅದೇ ಕ್ಷಣಕ್ಕೆ ಪ್ಯಾನ್ ಆಮ್ ವಿಮಾನದವರೂ ಮಾತಾಡಿದ್ದರಿಂದ ರೇಡಿಯೋ ಕೀರಲು ಸದ್ದು ಮಾಡಿತು. ಕೆಎಲ್‌ಎಂನವರಿಗೆ ಸ್ಪಷ್ಟವಾಗಿ ಕೇಳಿಸಿದ್ದು "ಓಕೆ" ಮಾತ್ರ. ಎರಡೂ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಅದಕ್ಕೆ ಮೊದಲು, ರನ್‌ವೇ ಮೇಲೆ ಆ ಇನ್ನೊಂದು ವಿಮಾನ ಇನ್ನೂ ಇದೆಯಾ ಅಂತ ಕೆಎಲ್‌ಎಂನ ಫ್ಲೈಟ್ ಎಂಜಿನಿಯರ್ ಕೇಳಿದ್ದರು. ದಾರಿ ಖಾಲಿ ಇದೆ ಅನ್ನುವ ನಂಬಿಕೆಯಲ್ಲಿದ್ದ ಕ್ಯಾಪ್ಟನ್ ಮುಂದೆ ಹೋದರು. ಗದ್ದಲ, ಎರಡರ್ಥದ ಮಾತು, ಹಿರಿಯರನ್ನು ಇನ್ನೊಮ್ಮೆ ಪ್ರಶ್ನಿಸಲಾಗದ ಸಂಕೋಚ, ಎಲ್ಲವೂ ಆ ಕೆಲವೇ ಕ್ಷಣಗಳಲ್ಲಿದ್ದವು.

ಇದರ ನಂತರ ರೇಡಿಯೋ ಮಾತಿನ ನಿಯಮಗಳು ಬಿಗಿಯಾದವು. ಟೇಕಾಫ್ ಅನ್ನುವ ಪದವನ್ನು ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಳಸಬೇಕು. ಅನುಮತಿಯ ಮಾತುಗಳನ್ನು ಪೈಲಟ್ ತಿರುಗಿ ಹೇಳಬೇಕು, ನಿಯಂತ್ರಕರು ಅದನ್ನು ಕೇಳಿ ಸರಿಯಿದೆಯಾ ಅಂತ ನೋಡಬೇಕು. ಬರೀ "ಓಕೆ" ಸಾಲದು.

ಕೊಡಗಿಗೆ ಇದು ತುಂಬಾ ಬೇಕಾದ ಅಭ್ಯಾಸ. ಒಂದೇ ತೋಟದಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ಭಾಷೆ ಕೇಳಿಸುತ್ತದೆ. ಈಗ ಅಸ್ಸಾಮಿನಿಂದ ಬಂದ ಕೆಲಸಗಾರರೂ ಇದ್ದಾರೆ. ಕೆಲಸಗಾರರ ಹತ್ತಿರ "ಅರ್ಥ ಆಯ್ತಾ?" ಅಂತ ಕೇಳಿ ಪ್ರಯೋಜನವಿಲ್ಲ. "ಆಯ್ತು ರೈಟ್ರೇ" ಅನ್ನುತ್ತಾರೆ. ಇಲ್ಲ ಅನ್ನೋಕೆ ಮುಜುಗರ. ಬದಲಿಗೆ ಹೀಗೆ ಕೇಳಿ: "ಅಣ್ಣಾ, ನಾನು ಸರಿಯಾಗಿ ಹೇಳಿದ್ನೋ ಇಲ್ವೋ ನೋಡೋಣ. ಈ ಡ್ರಮ್ಮಿಗೆ ಏನೇನು, ಎಷ್ಟೆಷ್ಟು ಹಾಕ್ತೀರಿ?" ಪರೀಕ್ಷೆ ಹೇಳಿದವರ ಮಾತಿಗಾಯಿತು, ಕೆಲಸಗಾರರ ಮರ್ಯಾದೆಗೆ ಏನೂ ಆಗಲಿಲ್ಲ.

ಇನ್ನೆರಡು ವಿಷಯ

ಸಂವಹನದಲ್ಲಿ ಶೇಕಡಾ 93 ಹಾವಭಾವ ಮತ್ತು ದನಿ, ಪದಗಳು ಬರೀ 7 ಅಂತ ಬಹಳ ಕಡೆ ಬರೆದಿರುತ್ತಾರೆ. ದಯವಿಟ್ಟು ಹಾಗೆ ಬರೆಯಬೇಡಿ. ಈ ಅಂಕಿಗಳ ಮೂಲವಾದ, ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರಾಬಿಯನ್ ಅವರ 1967ರ ಪ್ರಯೋಗಗಳು ಇಷ್ಟ, ಅನಿಷ್ಟದಂಥ ಭಾವನೆಗಳನ್ನು ತೋರಿಸುವುದಕ್ಕೆ ಸೀಮಿತ. ಮೈಲುತುತ್ತಿನ ಅಳತೆ ಮುಖಭಾವದಲ್ಲಿ ದಾಟುವುದಿಲ್ಲ.

ಇನ್ನು ಬರಹದ ಸಂದೇಶ. ಜೋರು ಮಳೆಗೆ "ನಾಳೆ ಶಾಲೆಗಳಿಗೆ ರಜೆ" ಅನ್ನುವ ಮೆಸೇಜ್ ಹೊರಟರೆ ಮಾರನೇ ದಿನವೂ ಗುಂಪಿಂದ ಗುಂಪಿಗೆ ಓಡಾಡುತ್ತಲೇ ಇರುತ್ತದೆ. ಓದಿದವರಿಗೆ ಅದು ಯಾವ ನಾಳೆ? ದಿನಾಂಕ, ವಾರ, ಇಡೀ ಜಿಲ್ಲೆಗೋ ಒಂದು ತಾಲೂಕಿಗೋ, ಅಂಗನವಾಡಿಯೂ ಸೇರಿದೆಯೋ ಅನ್ನೋದನ್ನು ಬರೆಯಿರಿ. ನಿಮಗೆ ಬಂದ ಮೆಸೇಜಿನಲ್ಲಿ ಇವು ಇಲ್ಲದಿದ್ದರೆ, ಕಳಿಸಿದವರನ್ನು ಕೇಳಿ ಸೇರಿಸಿದ ಮೇಲೆ ಮುಂದೆ ಕಳಿಸಿ.